ಗಾಡಿಯೊಳಗೆ ಹಾವು: ಕಂಡ ನಾಲ್ಕು ಬೆರಳಗಲದಿಂದ ಪತ್ತೆ ಹಚ್ಚುವ ಬಗೆ

ಬಾನೆಟ್ಟಿನ ಸಂದಿನಲ್ಲೋ ಸ್ಕೂಟರಿನ ಸೀಟಿನಡಿಯಲ್ಲೋ ಆಟೋರಿಕ್ಷಾದ ಟೂಲ್ ಬಾಕ್ಸಿನಲ್ಲೋ ಸೇರಿಕೊಂಡ ಹಾವು ಪೂರ್ತಿಯಾಗಿ ಕಾಣುವುದು ಅಪರೂಪ. ಗುರುತಿನ ಚಿತ್ರಪಟಗಳಲ್ಲಿ ಹಾವು ತಲೆಯಿಂದ ಬಾಲದವರೆಗೆ ಚಾಚಿ ಮಲಗಿರುತ್ತದೆ, ನಾಗರ ಹೆಡೆ ಬಿಚ್ಚಿ ನಿಂತಿರುತ್ತದೆ. ಗಾಡಿಯಲ್ಲಿ ಸಿಗುವುದು ಬ್ಯಾಟರಿಯ ಹಿಂದೆ ನಾಲ್ಕು ಬೆರಳಗಲದ ಮೈ, ಇಲ್ಲವೆ ರೇಡಿಯೇಟರ್ ಪೈಪಿನ ಪಕ್ಕ ಜಾರಿಹೋದ ಬಾಲದ ತುದಿ. ಅಷ್ಟೇ ನೋಡಿ ಏನು ಹೇಳಬಹುದು, ಏನು ಹೇಳಬಾರದು ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ. ಕಾಸರಗೋಡು ಜಿಲ್ಲೆಯ ಬದಿಯಡ್ಕ, ಪೆರ್ಲ, ಮುಳ್ಳೇರಿಯಾ, ಪೈವಳಿಕೆ ಕಡೆಯ ಅಡಕೆ ತೋಟದ ಮನೆಗಳೇ ನನ್ನ ಕಣ್ಣ ಮುಂದಿವೆ. ನಮ್ಮ ಅಂಗಳದಲ್ಲಿ ಗಾಡಿ ನಿಲ್ಲುವುದು ಮುರಕಲ್ಲಿನ ಕಟ್ಟೆಗೆ ತಾಗಿ, ಕಟ್ಟಿಗೆ ಕೊಟ್ಟಿಗೆಯ ಪಕ್ಕದಲ್ಲಿ, ತೆಂಗಿನ ಸಿಪ್ಪೆಯ ರಾಶಿಯ ಎದುರಿಗೆ. ಹಾವಿಗೆ ಬೇಕಾದದ್ದೆಲ್ಲ ಅಲ್ಲೇ ಇದೆ.

ಒಂದು ನಿಯಮವನ್ನು ಮೊದಲೇ ಹೇಳಿಬಿಡುತ್ತೇನೆ. ಗುರುತು ಹಿಡಿಯುವ ಕೆಲಸ ಎರಡೇ ತೀರ್ಮಾನಕ್ಕೆ: ಜನ ಎಷ್ಟು ದೂರ ನಿಲ್ಲಬೇಕು, ಹಿಡಿಯಲು ಬರುವವರಿಗೆ ಫೋನಿನಲ್ಲಿ ಏನು ಹೇಳಬೇಕು. "ಇದು ವಿಷ ಇಲ್ಲದ್ದು, ನಾನೇ ಎಳೆದು ಬಿಡುತ್ತೇನೆ" ಎಂಬ ಮೂರನೆಯ ತೀರ್ಮಾನಕ್ಕೆ ಈ ಬರಹವನ್ನು ಆಧಾರ ಮಾಡಿಕೊಳ್ಳಬೇಡಿ. ಅರ್ಧ ಕಂಡ ಹಾವನ್ನು ನಿರ್ವಿಷ ಎಂದು ತೀರ್ಮಾನಿಸಿ ಕೈ ಹಾಕುವುದಕ್ಕಿಂತ ದೊಡ್ಡ ಅಪಾಯ ಈ ವಿಷಯದಲ್ಲಿ ಇನ್ನೊಂದಿಲ್ಲ.

ಕಂಡ ಕೂಡಲೇ

ಗಾಡಿ ಓಡುತ್ತಿದ್ದಾಗ ಕಂಡರೆ ಗಕ್ಕನೆ ಬ್ರೇಕ್ ಒತ್ತಬೇಡಿ. ಹಾವಿಗಿಂತ ಹಿಂದಿನಿಂದ ಬರುವ ಲಾರಿಯೇ ಆ ಹೊತ್ತಿಗೆ ಹೆಚ್ಚು ಅಪಾಯ. ಚೆರ್ಕಳ–ಕಲ್ಲಡ್ಕ ರಸ್ತೆಯ ತಿರುವುಗಳಲ್ಲಂತೂ ಇದು ಅಕ್ಷರಶಃ ನಿಜ. ವೇಗ ಇಳಿಸಿ, ಎಡಕ್ಕೆ ಸರಿದು, ಎಂಜಿನ್ ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಎಳೆದು ಇಳಿಯಿರಿ. ಇಳಿಯುವ ಮುಂಚೆ ಪಾದ ಊರುವ ಜಾಗ ನೋಡಿಕೊಳ್ಳಿ. ಮಕ್ಕಳು ಹಿಂದಿನ ಸೀಟಿನಲ್ಲಿದ್ದರೆ ಹೊರಗಿನಿಂದ ಬಾಗಿಲು ತೆರೆದು ಎತ್ತಿಕೊಳ್ಳಿ. ಸ್ಕೂಟರಿನ ಹ್ಯಾಂಡಲಿನ ಬಳಿ ತಲೆ ಕಂಡರೂ ಅಷ್ಟೆ: ನಿಧಾನಕ್ಕೆ ನಿಲ್ಲಿಸಿ, ಸ್ಟ್ಯಾಂಡ್ ಹಾಕಲು ಧೈರ್ಯ ಬಾರದಿದ್ದರೆ ಗಾಡಿ ಮಗುಚಿದರೂ ಅಡ್ಡಿಯಿಲ್ಲ, ದೂರ ಸರಿಯಿರಿ.

ನಿಂತ ಜಾಗ ನಿರ್ಜನವಾಗಿದ್ದರೆ ನಾಲ್ಕೂ ಬಾಗಿಲು, ಡಿಕ್ಕಿ ತೆರೆದಿಡಿ. ಕೈಗೆ ಅಪಾಯವಿಲ್ಲದೆ ಲಿವರ್ ಎಳೆಯಬಹುದಾದರೆ ಬಾನೆಟ್ಟನ್ನೂ ತೆರೆಯಿರಿ. ಹದಿನೈದು ಅಡಿ ದೂರದಲ್ಲಿ ಒಬ್ಬರು ಕಣ್ಣು ತೆಗೆಯದೆ ನಿಲ್ಲಿ. ಸದ್ದುಗದ್ದಲ ಇಲ್ಲದಿದ್ದರೆ ಎಷ್ಟೋ ಹಾವು ತಾನಾಗಿ ಇಳಿದು ಹೋಗುತ್ತದೆ. ಕಣ್ಣು ತೆಗೆಯಬಾರದು ಎಂದದ್ದಕ್ಕೆ ಕಾರಣವಿದೆ. ಹೋದದ್ದನ್ನು ಯಾರೂ ನೋಡದಿದ್ದರೆ ಒಳಗಿದೆಯೋ ಇಲ್ಲವೋ ಎಂಬ ಪ್ರಶ್ನೆ ವಾರಗಟ್ಟಲೆ ಕಾಡುತ್ತದೆ. ಜನಸಂದಣಿಯ ಪೇಟೆಯಲ್ಲಾದರೆ ಬಾಗಿಲು ಮುಚ್ಚಿಯೇ ಇಡಿ.

ಸೀಮೆಎಣ್ಣೆ, ಪೆಟ್ರೋಲು, ಫಿನೈಲು ಸುರಿಯುವುದು, ಹೊಗೆ ಹಾಕುವುದು, ಸರ್ವಿಸ್ ಸ್ಟೇಷನ್ನಿನ ನೀರಿನ ಪೈಪು ಹಿಡಿಯುವುದು, ಎಂಜಿನ್ ರೇಸ್ ಮಾಡಿ ಬಿಸಿಗೆ ಓಡಿಸುವುದು, ಇವೆಲ್ಲ ನಮ್ಮಲ್ಲಿ ನಡೆಯುತ್ತಲೇ ಇವೆ. ಇವುಗಳಿಂದ ಹಾವು ಹೊರಗೆ ಬರುವುದಕ್ಕಿಂತ ಇನ್ನೂ ಒಳಕ್ಕೆ ಸೇರುವುದೇ ಹೆಚ್ಚು. ಎಂಜಿನ್ ಕೋಣೆಯಿಂದ ವೈರು ಹಾಯುವ ರಂಧ್ರ, ಪೆಡಲಿನ ಸುತ್ತಲ ಸಂದು, ಎಲ್ಲಾದರೂ ಬೆರಳಗಲದ ದಾರಿ ಸಿಕ್ಕರೆ ಸಣ್ಣ ಹಾವು ನಿಮ್ಮ ಕಾಲ ಬುಡಕ್ಕೇ ಬಂದೀತು. ಓಡುವ ಬೆಲ್ಟಿಗೆ, ಫ್ಯಾನಿಗೆ ಸಿಕ್ಕಿ ಅರೆಜೀವವಾದ ಹಾವು ಸುಮ್ಮನೆ ಮಲಗಿದ್ದ ಹಾವಿಗಿಂತ ಬೇಗ ಕಚ್ಚುತ್ತದೆ.

ಹಾವು ಹೌದೋ ಅಲ್ಲವೋ

ಕಣ್ಣಿಗೆ ಕಾಣದೆ ಸದ್ದು ಮಾತ್ರ ಕೇಳಿದಾಗ ಈ ಪ್ರಶ್ನೆ ಬರುತ್ತದೆ. ನಿಲ್ಲಿಸಿದ ಗಾಡಿಯಿಂದ "ಸ್ಸ್" ಎಂಬ ಸದ್ದು ಟಯರಿನ ವಾಲ್ವಿನಿಂದ, ಬಿಸಿ ರೇಡಿಯೇಟರಿನಿಂದ, ಎ.ಸಿ. ಪೈಪಿನಿಂದಲೂ ಬರುತ್ತದೆ. ಆದರೆ ಗಾಳಿ ಸೋರುವ ಸದ್ದು ನೀವು ಹತ್ತಿರ ಹೋದರೂ ದೂರ ನಿಂತರೂ ಒಂದೇ ಸಮ. ಹಾವಿನ ಸದ್ದು ಹೆಜ್ಜೆ ಹತ್ತಿರವಾದಾಗ ಏರುತ್ತದೆ, ಹಿಂದೆ ಸರಿದರೆ ನಿಲ್ಲುತ್ತದೆ. ಕುಕ್ಕರಿನ ಹಬೆಯಂತೆ ಜೋರಾಗಿ, ಬಿಟ್ಟೂಬಿಡದೆ ಬುಸುಗುಟ್ಟಿದರೆ ಕೊಳಕುಮಂಡಲ ಎಂದು ತಿಳಿದೇ ಮುಂದಿನ ಹೆಜ್ಜೆ ಇಡಿ. ಬುಸುಗುಟ್ಟುವ ಬದಲು ಗರಗರ ಉಜ್ಜುವ ಸದ್ದಾದರೆ ಗರಗಸ ಮಂಡಲ ಇರಬಹುದು. ಅದು ಸುರುಳಿ ಸುತ್ತಿ ಮೈಗೆ ಮೈ ಉಜ್ಜಿ ಸದ್ದು ಮಾಡುತ್ತದೆ. ಒಣ ಕಲ್ಲುನೆಲದ ಹಾವಾದ್ದರಿಂದ ನಮ್ಮ ತೋಟಗಳಲ್ಲಿ ಅದು ಕೊಳಕುಮಂಡಲದಷ್ಟು ಕಾಣಸಿಗುವುದಿಲ್ಲ.

ಹಿಕ್ಕೆ ನೋಡಿ ಹಾವೆಂದು ಹೇಳುವವರಿದ್ದಾರೆ. ಬಿಳಿ ತುದಿಯ ಹಿಕ್ಕೆ ಹಲ್ಲಿಯದ್ದೂ ಆಗಿರುತ್ತದೆ, ಅದನ್ನು ನಂಬಬೇಡಿ.

ಕಂಡ ತುಂಡು ಯಾವುದು

ಮೊದಲು ಫೋಟೋ. ಕೈಯನ್ನು ಎಂಜಿನ್ನಿನ ಒಳಕ್ಕೆ ಚಾಚದೆ, ಎರಡು ಮೀಟರ್ ದೂರದಿಂದ ಜೂಮ್ ಮಾಡಿ ತೆಗೆಯಿರಿ. ಟಾರ್ಚನ್ನು ನೇರವಾಗಿ ಹಿಡಿದರೆ ನುಣುಪಾದ ಹುರುಪೆ ಮಿಂಚಿ ಬಣ್ಣವೇ ಕಾಣದು, ಓರೆಯಾಗಿ ಹಿಡಿಯಿರಿ. ಪಕ್ಕದಲ್ಲಿ ಬ್ಯಾಟರಿಯೋ ನಟ್ಟೋ ಚೌಕಟ್ಟಿನೊಳಗೆ ಬಂದರೆ ಹಾವಿನ ದಪ್ಪ ಅಂದಾಜಿಸಲು ಅನುಕೂಲ. ಫೋಟೋಕ್ಕಿಂತ ಹತ್ತು ಸೆಕೆಂಡಿನ ವಿಡಿಯೋ ಇನ್ನೂ ಒಳ್ಳೆಯದು, ಮೈ ಸರಿಯುತ್ತಾ ಹೋದಂತೆ ಬೇರೆ ಬೇರೆ ಭಾಗ ಕಾಣುತ್ತದೆ.

ಆಮೇಲೆ ನಿಮ್ಮನ್ನೇ ಕೇಳಿಕೊಳ್ಳಿ: ನಾನು ನೋಡಿದ್ದು ಕುತ್ತಿಗೆಯ ಕಡೆಯೋ, ನಡುವೋ, ಬಾಲವೋ? ಬಣ್ಣ ಯಾವುದು ಎಂಬುದು ಅದಾದ ಮೇಲೆ. "ಕಪ್ಪು ಹಾವು, ಬಿಳಿ ಪಟ್ಟೆ ಇತ್ತು" ಎಂದರೆ ಮುಕ್ಕಾಲು ಪ್ರಶ್ನೆ ಹಾಗೆಯೇ ಉಳಿಯುತ್ತದೆ.

ಕಪ್ಪು ಮೈ ಮೇಲೆ ಬಿಳಿ ಅಡ್ಡಪಟ್ಟೆ ಕಂಡರೆ ಎರಡು ಹೆಸರು ಎದುರಿಗೆ ಬರುತ್ತವೆ. ಒಂದು ಕಡಂಬಳ, ಅಂದರೆ ಕಟ್ಟುಹಾವು. ಈ ನಾಡಿನ ಅತ್ಯಂತ ವಿಷದ ಹಾವುಗಳಲ್ಲಿ ಒಂದು. ಇನ್ನೊಂದು ತೋಳದ ಹಾವು, ವಿಷವಿಲ್ಲದ್ದು, ಹಲ್ಲಿ ಹಿಡಿಯಲು ಗೋಡೆ ಹತ್ತುವುದರಲ್ಲಿ ಜಾಣ. ಕಡಂಬಳದ ಪಟ್ಟೆ ಸಪೂರ, ಹೆಚ್ಚಾಗಿ ಎರಡೆರಡು ಜೋಡಿಯಾಗಿ ಬರುತ್ತವೆ; ಕುತ್ತಿಗೆಯ ಕಡೆ ಮಸುಕು ಅಥವಾ ಇಲ್ಲವೇ ಇಲ್ಲ, ಬಾಲದ ಕಡೆ ಸ್ಪಷ್ಟ. ತೋಳದ ಹಾವಿನಲ್ಲಿ ಇದು ತಿರುಗುಮುರುಗು: ಕುತ್ತಿಗೆಯಿಂದಲೇ ಅಗಲ ಪಟ್ಟೆ ಶುರುವಾಗಿ ಬಾಲದ ಕಡೆ ಮಾಸುತ್ತದೆ, ಮೈಬಣ್ಣವೂ ಅಚ್ಚಗಪ್ಪಿಗಿಂತ ಕಂದು. ಇಷ್ಟು ಎಲ್ಲರೂ ಹೇಳುತ್ತಾರೆ. ಗಾಡಿಯಲ್ಲಿ ತೊಡಕಾಗುವುದು ಇಲ್ಲಿಯೇ. ನಿಮಗೆ ಕಂಡದ್ದು ಪಟ್ಟೆಯೇ ಇಲ್ಲದ ಕಪ್ಪು ಮೈ ಮಾತ್ರ ಎಂದಿಟ್ಟುಕೊಳ್ಳಿ. ಅದು ಕಡಂಬಳದ ಕುತ್ತಿಗೆಯ ಭಾಗ ಇರಬಹುದು, ತೋಳದ ಹಾವಿನ ಬಾಲದ ಭಾಗವೂ ಇರಬಹುದು. ಹೀಗಾಗಿ "ಪಟ್ಟೆ ಇರಲಿಲ್ಲ, ಆದ್ದರಿಂದ ಕಡಂಬಳ ಅಲ್ಲ" ಎಂಬ ತರ್ಕ ನಿಲ್ಲುವುದಿಲ್ಲ. ಸಾಲದ್ದಕ್ಕೆ ಪಶ್ಚಿಮ ಘಟ್ಟದ ಬದಿಯಲ್ಲಿ ತಿರುವಾಂಕೂರು ತೋಳದ ಹಾವು ಎಂಬ ಇನ್ನೊಂದು ಬಗೆಯಿದೆ. ಅದರ ಮೈ ಗಾಢ, ಪಟ್ಟೆ ಬಾಲದವರೆಗೂ ಸಾಗುತ್ತದೆ.

ನಡು ಮೈ ಹತ್ತಿರದ ಜೂಮಿನಲ್ಲಿ ಸಿಕ್ಕಿದ್ದರೆ ಪಟ್ಟೆ ಬಿಟ್ಟು ಬೆನ್ನಿನ ಮಧ್ಯದ ಸಾಲು ನೋಡಿ. ಕಡಂಬಳದ ಬೆನ್ನುಹುರಿಯ ಮೇಲಿನ ಒಂದು ಸಾಲು ಹುರುಪೆ ಉಳಿದವಕ್ಕಿಂತ ದೊಡ್ಡದು, ಆರು ಮೂಲೆಯದ್ದು. ತೋಳದ ಹಾವಿನಲ್ಲಿ ಎಲ್ಲ ಸಾಲೂ ಹೆಚ್ಚುಕಡಿಮೆ ಒಂದೇ ಅಳತೆ. ಒಳ್ಳೆಯ ಫೋಟೋ ಇದ್ದರೆ ನಾಲ್ಕು ಬೆರಳಗಲದಲ್ಲೂ ಇದು ತಿಳಿಯುತ್ತದೆ, ಹಾವಿನ ಯಾವ ಭಾಗ ಎಂದು ಗೊತ್ತಿಲ್ಲದಿದ್ದರೂ ಉಪಯೋಗಕ್ಕೆ ಬರುತ್ತದೆ. ಇದೊಂದು ಲಕ್ಷಣವನ್ನು ಮನೆಯವರಿಗೆಲ್ಲ ತೋರಿಸಿ ಕಲಿಸಿಡಿ ಎಂದು ಕೈಮುಗಿದು ಕೇಳುತ್ತೇನೆ. ಅಡ್ಡಪಟ್ಟೆಯ ಹಾವು ರಟ್ಟೆಯಷ್ಟು ದಪ್ಪ ಇದ್ದರೆ ಕಡಂಬಳವೂ ಅಲ್ಲ, ತೋಳದ ಹಾವೂ ಅಲ್ಲ. ಪಾಣತ್ತೂರು, ರಾಣಿಪುರಂ ಕಡೆಯ ಕಾಡಂಚಿಗೆ ಹೋಗಿ ಬಂದ ಗಾಡಿಯಾದರೆ ಕಾಳಿಂಗ ಎಂದು ಭಾವಿಸಿ ದೂರ ನಿಲ್ಲಿ.

ಕಂದು ಮೈ ಮೇಲೆ ಮಚ್ಚೆ ಕಂಡಾಗ ಮೂರು ಹಾವು ಬೆರೆತುಹೋಗುತ್ತವೆ. ಕೊಳಕುಮಂಡಲ, ನಮ್ಮ ಕಡೆಯ ಕನ್ನಡಿಹಾವು: ಬೆನ್ನಿನುದ್ದಕ್ಕೆ ಮೂರು ಸಾಲು ಮೊಟ್ಟೆಯಾಕಾರದ ಮಚ್ಚೆ, ಪ್ರತಿ ಮಚ್ಚೆಗೂ ಕಪ್ಪು ಅಂಚು, ಅದರ ಹೊರಗೆ ತೆಳು ಬಿಳಿ ಗೆರೆ. ಪ್ರತಿ ಹುರುಪೆಯ ಮಧ್ಯದಲ್ಲಿ ಏಣು, ಅಂದರೆ ಎದ್ದ ಗೆರೆ, ಇರುವುದರಿಂದ ಮೈ ಒರಟು, ಹೊಳಪಿಲ್ಲ. ಹೆಬ್ಬಾವು, ತುಳುವಿನ ಪೆರ್ಮರಿ: ಮಚ್ಚೆಗೆ ಒಂದು ಆಕಾರವಿಲ್ಲ, ಮೈ ನುಣುಪು, ಬೆಳಕಿಗೆ ಮಿಂಚುತ್ತದೆ. ಮಣ್ಣುಮುಕ್ಕ: ಒಡೆದುಹೋದಂಥ ಮಚ್ಚೆ, ಗಿಡ್ಡ ಮೊಂಡು ಬಾಲ, ತಲೆಗೂ ಕುತ್ತಿಗೆಗೂ ಅಗಲದಲ್ಲಿ ವ್ಯತ್ಯಾಸವೇ ಇಲ್ಲ. "ಹೆಬ್ಬಾವಿನ ಮರಿ" ಎಂದು ಎತ್ತಿಕೊಂಡು ಕನ್ನಡಿಹಾವಿನಿಂದ ಕಚ್ಚಿಸಿಕೊಳ್ಳುವ ಸಾಧ್ಯತೆ ದೊಡ್ಡದು. ಏಕೆಂದರೆ ಕೊಳಕುಮಂಡಲ ಮೊಟ್ಟೆ ಇಡದೆ ಮರಿ ಹಾಕುವ ಹಾವು. ಮಳೆಗಾಲದ ಆರಂಭಕ್ಕೆ ಗೇಣುದ್ದದ ಮರಿಗಳು ಓಡಾಡುತ್ತವೆ, ಹುಟ್ಟಿದ ಕ್ಷಣದಿಂದಲೇ ವಿಷವಿರುತ್ತದೆ.

ಒಂದೇ ಬಣ್ಣದ ಕಂದು, ಗೋಧಿ ಅಥವಾ ಕಪ್ಪಿನ ಹಾವು ಕಂಡರೆ ನಾಗರವೋ ಕೇರೆಯೋ ಎಂಬ ಗೊಂದಲ. ಇಕ್ಕಟ್ಟಿನಲ್ಲಿ ನಾಗರ ಹೆಡೆ ಬಿಚ್ಚಲಾರದು, ಹೆಡೆ ಕಾಣಲಿಲ್ಲ ಎಂಬುದಕ್ಕೆ ಬೆಲೆ ಕೊಡಬೇಡಿ. ತಲೆ ಕಂಡಿದ್ದರೆ ತುಟಿ ನೋಡಿ: ಕೇರೆಯ ತುಟಿಯ ಹುರುಪೆಗಳ ನಡುವೆ ಕಪ್ಪು ಗೆರೆಗಳಿವೆ, ಕಣ್ಣು ದೊಡ್ಡದು, ಕುತ್ತಿಗೆ ತಲೆಗಿಂತ ಸಪೂರ. ಬಾಲ ಕಂಡಿದ್ದರೆ ಕೇರೆಯದ್ದು ಉದ್ದವಾಗಿ, ಕಪ್ಪು ಬಲೆ ಹೆಣೆದಂತೆ ಗೆರೆಯಿರುತ್ತದೆ. ನಡು ಮಾತ್ರ ಕಂಡಿದ್ದರೆ ಬೇರ್ಪಡಿಸಲು ಹೋಗಬೇಡಿ, "ನಾಗರ ಇರಬಹುದು" ಎಂದೇ ಹೇಳಿ.

ಹಸಿರು ಹಾವಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಬಳ್ಳಿಯಷ್ಟು ಸಪೂರ, ಚೂಪು ಮೂತಿ ಇದ್ದರೆ ನಾವು ದಿನಾ ಕಾಣುವ ಹಸಿರು ಹಾವೇ. ದಪ್ಪ ಮೈ, ಮುಕ್ಕೋನ ತಲೆ, ಸಪೂರ ಕುತ್ತಿಗೆ ಇದ್ದರೆ ಗುಳಿಮಂಡಲ, ವಿಷದ್ದು.

ಇನ್ನೊಂದನ್ನು ಮಾತ್ರ ಮರೆಯಬಾರದು. ರಬ್ಬರ್, ಕೊಕ್ಕೋ, ಅಡಕೆ ತೋಟದ ತರಗೆಲೆಯಲ್ಲಿರುವ ಮೂಗು ಮೇಲೆತ್ತಿದ ಪುಟ್ಟ ಗುಳಿಮಂಡಲ, ಮಲಯಾಳದಲ್ಲಿ ಮುಳಮೂಕ್ಕನ್ ಕುಳಿಮಂಡಲಿ. ಹೆಚ್ಚಾಗಿ ಒಂದೂವರೆ ಅಡಿಯೂ ದಾಟದ, ಒಣಗಿದ ಎಲೆಯ ಬಣ್ಣದ ಈ ಹಾವು ಸೋಗೆ, ಹಾಳೆ, ಸೊಪ್ಪು, ಕಟ್ಟಿಗೆ ತುಂಬಿದ ಪಿಕಪ್ಪಿನಲ್ಲಿ ಹೊರೆಯ ಜೊತೆಗೇ ಬರುತ್ತದೆ. ಸಣ್ಣದೆಂದು ಕಡೆಗಣಿಸಬೇಡಿ: ಇದರ ಕಡಿತದಿಂದ ರಕ್ತ ಹೆಪ್ಪುಗಟ್ಟದೆ ಮೂತ್ರಪಿಂಡಕ್ಕೆ ಹಾನಿಯಾದದ್ದಿದೆ, ನಮ್ಮಲ್ಲಿ ಸಿಗುವ ಪ್ರತಿವಿಷ ಇದಕ್ಕೆ ನಾಟುವುದಿಲ್ಲ.

ಪೊರೆ ಮಾತ್ರ ಸಿಕ್ಕಿದರೆ

ಏರ್ ಫಿಲ್ಟರ್ ಡಬ್ಬಿಯ ಹಿಂದೆ, ವೈಪರಿನ ಕೆಳಗಿನ ಜಾಲರಿಯಲ್ಲಿ, ಸ್ಟೆಪ್ನಿಯ ಗುಳಿಯಲ್ಲಿ ಪೊರೆ ಸಿಗುವುದುಂಟು. ಹೆಚ್ಚಿನವರು ಅದನ್ನು ಕೋಲಿನಲ್ಲಿ ಎಸೆದುಬಿಡುತ್ತಾರೆ. ದಯವಿಟ್ಟು ಎಸೆಯಬೇಡಿ. ಹಾವು ಒಳಗಿಲ್ಲವೆಂದು ಖಾತ್ರಿಯಾದ ಮೇಲೆ ಉದ್ದ ಚಿಮಟದಲ್ಲಿ ಹಿಡಿದು, ನೀರು ಚಿಮುಕಿಸಿ, ಬಿಳಿ ಕಾಗದದ ಮೇಲೆ ಬಿಡಿಸಿಡಿ. ಜೀವಂತ ಹಾವಿನಲ್ಲಿ ನೋಡಲಾಗದ್ದನ್ನು ಇದರಲ್ಲಿ ನಿಶ್ಚಿಂತೆಯಿಂದ ನೋಡಬಹುದು.

ಬೆನ್ನಿನ ನಡುಸಾಲು ಆರು ಮೂಲೆಯ ದೊಡ್ಡ ಹುರುಪೆಯದ್ದೇ? ಬಾಲದ ಅಡಿಭಾಗದ ಹುರುಪೆ ಒಂಟಿಯೇ, ಎರಡು ಭಾಗವಾಗಿ ಸೀಳಿದೆಯೇ? ಎರಡಕ್ಕೂ ಕಡಂಬಳದ ಉತ್ತರ: ನಡುಸಾಲು ದೊಡ್ಡದು, ಬಾಲದಡಿ ಒಂಟಿ. ತೋಳದ ಹಾವು, ನಾಗರ, ಕೇರೆ, ಕೊಳಕುಮಂಡಲ ಇವಕ್ಕೆಲ್ಲ ಬಾಲದಡಿ ಜೋಡಿ. ಪ್ರತಿ ಹುರುಪೆಯಲ್ಲೂ ಎದ್ದ ಏಣು ಕೈಬೆರಳಿಗೆ ತಾಗಿದರೆ, ತಲೆಯ ಮೇಲೆ ದೊಡ್ಡ ಫಲಕಗಳ ಬದಲು ಪುಟ್ಟ ಪುಟ್ಟ ಹುರುಪೆಗಳೇ ಇದ್ದರೆ ಮಂಡಲದ ಜಾತಿ. ತಲೆಯಲ್ಲಿ ದೊಡ್ಡ ಫಲಕಗಳಿದ್ದೂ ಮೈಯಲ್ಲಿ ಏಣು ಇದ್ದರೆ ನೀರೊಳ್ಳೆ ಇರಬಹುದು. ನಾಗರನ ಪೊರೆ ನುಣುಪು. ಕಳಚುವಾಗ ಪೊರೆ ಹಿಗ್ಗುತ್ತದೆ, ಹಾಗಾಗಿ ಪೊರೆಯ ಉದ್ದವನ್ನೇ ಹಾವಿನ ಉದ್ದ ಎಂದು ತಿಳಿದು ಗಾಬರಿ ಬೀಳಬೇಡಿ. ಪೊರೆ ಮೆತ್ತಗೆ, ತೇವವಾಗಿದ್ದರೆ ಈಚಿನದು. ಒಣಗಿ ಪುಡಿಯಾಗುತ್ತಿದ್ದರೆ ಹಳೆಯದು.

ಇನ್ನೂ ಒಳಗಿದೆಯೇ

ಇದಕ್ಕೆ ಅಗ್ಗದ, ನಂಬಿಕೆಗೆ ಅರ್ಹವಾದ ಉಪಾಯ ಅಕ್ಕಿಹಿಟ್ಟು ಅಥವಾ ಒಲೆಯ ಬೂದಿ. ಸಿಮೆಂಟು ಅಂಗಳದಲ್ಲಿ ಗಾಡಿ ನಿಲ್ಲಿಸಿ, ಸುತ್ತ ಒಂದಡಿ ಅಗಲಕ್ಕೆ ಜರಡಿಯಲ್ಲಿ ತೆಳುವಾಗಿ ಉದುರಿಸಿ, ರಾತ್ರಿಯಿಡೀ ಬಿಡಿ. ನಾಯಿ ಬೆಕ್ಕನ್ನು ಕಟ್ಟಿಹಾಕಿ. ಬೆಳಗ್ಗೆ ಒಳಗಿನಿಂದ ಹೊರಕ್ಕೆ ಅಂಕುಡೊಂಕಾದ ಎಳೆಗುರುತು ಇದ್ದರೆ ಹೋಯಿತು. ಇಲಿಯ ಹೆಜ್ಜೆ ಮಾತ್ರ ಇದ್ದರೆ ಹಾವು ಬಂದದ್ದೇಕೆ ಎಂಬ ಪ್ರಶ್ನೆಗಾದರೂ ಉತ್ತರ ಸಿಕ್ಕಿತು. ಏನೂ ಇಲ್ಲದಿದ್ದರೆ ಮರುದಿನವೂ ಮಾಡಿ. ಇಲಿ ತಿಂದು ಹೊಟ್ಟೆ ತುಂಬಿದ ಹಾವು, ಪೊರೆ ಬಿಡಲು ಕಾದಿರುವ ಹಾವು ದಿನಗಟ್ಟಲೆ ಅಲುಗದೆ ಇರುತ್ತದೆ. 2022ರಲ್ಲಿ ಮಲಪ್ಪುರಂ ಜಿಲ್ಲೆಯ ಕಾಡಂಚಿನಿಂದ ಕೋಟ್ಟಯಂಗೆ ಮರಳಿದ ಕಾರೊಂದರಲ್ಲಿ ಕಾಳಿಂಗವೇ ಅಡಗಿ ಬಂದು, ವಾರಗಳ ಬಳಿಕ ಆ ಮನೆಯ ಆಸುಪಾಸಿನಲ್ಲಿ ಸಿಕ್ಕಿತ್ತು.

ಹುಡುಕಬೇಕಾದ ಜಾಗ ಗಾಡಿಯಿಂದ ಗಾಡಿಗೆ ಬೇರೆ. ಕಾರಿನಲ್ಲಿ ವೈಪರಿನ ಕೆಳಗಿನ ಪೊಳ್ಳು, ಫ್ಯೂಸ್ ಬಾಕ್ಸಿನ ಬದಿ, ಬಂಪರಿನ ಒಳಮೈ, ಚಕ್ರದ ಮೇಲಿನ ಪ್ಲಾಸ್ಟಿಕ್ ಹೊದಿಕೆಯ ಹಿಂಬದಿ. ಸ್ಕೂಟರಿನಲ್ಲಿ ಮುಂದಿನ ಏಪ್ರನ್ನಿನ ಒಳಗು ಮತ್ತು ಹೆಡ್‌ಲೈಟಿನ ಗೂಡು. ಸೀಟಿನಡಿ ನೋಡಿ ಇಲ್ಲ ಎಂದು ಹೊರಡುವವರು ಏಪ್ರನ್ ಬಿಚ್ಚುವುದೇ ಇಲ್ಲ. ಬೈಕಿನಲ್ಲಿ ಬ್ಯಾಟರಿಯ ಬದಿ ಕವರು. ಆಟೋದಲ್ಲಿ ಹಿಂದಿನ ಎಂಜಿನ್ ಕೋಣೆ. ಹ್ಯಾಂಡಲಿಗೆ ಸಿಕ್ಕಿಸಿಟ್ಟ ಹೆಲ್ಮೆಟ್ಟನ್ನು ಪ್ರತಿದಿನವೂ ಕೊಡವಿಯೇ ತಲೆಗೆ ಹಾಕಿ. ಭಾಗ ಬಿಚ್ಚುವ ಕೆಲಸ ಮೆಕ್ಯಾನಿಕ್ಕಿನದು, ಆದರೆ ಹಾವು ಹಿಡಿಯಲು ತರಬೇತಿ ಪಡೆದವರು ಪಕ್ಕದಲ್ಲಿ ನಿಂತಿರುವಾಗ ಮಾತ್ರ. ಗ್ಯಾರೇಜಿಗೆ ಕೊಡುವಾಗ ಹಾವಿನ ವಿಷಯ ಮುಚ್ಚಿಡುವುದು ಅನ್ಯಾಯ. ಅಲ್ಲಿ ಕೈ ಹಾಕುವವನಿಗೂ ಮನೆ ಮಕ್ಕಳಿದ್ದಾರೆ.

ಕರೆಯಬೇಕಾದವರು

ಕೇರಳ ಅರಣ್ಯ ಇಲಾಖೆಯ 'ಸರ್ಪ' ಆ್ಯಪಿನಲ್ಲಿ ಹತ್ತಿರದ ತರಬೇತಾದ ಹಾವು ರಕ್ಷಕರ ವಿವರ ಸಿಗುತ್ತದೆ. ಕಾಸರಗೋಡಿನವರು ಇವತ್ತೇ ಫೋನಿಗೆ ಇಳಿಸಿಕೊಳ್ಳಿ, ಹಾವು ಬಂದ ಮೇಲೆ ಹುಡುಕುವುದಲ್ಲ. ಗಡಿಯ ಅಡ್ಕಸ್ಥಳ ದಾಟಿ ವಿಟ್ಲದಲ್ಲೋ ಪುತ್ತೂರಿನಲ್ಲೋ ಇದ್ದಾಗ ಹಾವು ಕಂಡರೆ ಆ ಆ್ಯಪ್ ಉಪಯೋಗಕ್ಕಿಲ್ಲ. ಅಲ್ಲಿ ಕರ್ನಾಟಕ ಅರಣ್ಯ ಇಲಾಖೆಯವರನ್ನೇ ಕೇಳಬೇಕು. ಬರುವವರು ಮಲಯಾಳಿಗರಾದರೆ ನಾಗರಕ್ಕೆ ಮೂರ್ಖನ್, ಕಡಂಬಳಕ್ಕೆ ವೆಳ್ಳಿಕ್ಕೆಟ್ಟನ್, ಕನ್ನಡಿಹಾವಿಗೆ ಅಣಲಿ, ಕೇರೆಗೆ ಚೇರ ಎಂದರೆ ಸಾಕು. ಹೆಸರು ಖಚಿತವಿಲ್ಲದಿದ್ದರೆ ಹೆಸರೇ ಹೇಳಬೇಡಿ: "ನಡು ಭಾಗ ಕಂಡಿತು, ಹೆಬ್ಬೆರಳ ದಪ್ಪ, ಕಪ್ಪು, ಹೊಳಪು, ಪಟ್ಟೆ ಕಾಣಲಿಲ್ಲ, ಬ್ಯಾಟರಿಯ ಹಿಂದೆ, ರಾತ್ರಿ ಒಂಬತ್ತಕ್ಕೆ" ಎಂಬ ವಿವರ ತಪ್ಪು ಹೆಸರಿಗಿಂತ ನೂರು ಪಾಲು ಮೇಲು.

ನಮ್ಮಲ್ಲಿ ನಾಗರನ್ನು ಯಾರೂ ಹೊಡೆಯುವುದಿಲ್ಲ. ನಾಗಬನಕ್ಕೆ ತಂಬಿಲ ಕೊಡುವ ಮನೆಯಲ್ಲೇ ತೋಳದ ಹಾವು, ಕೇರೆ, ಕನ್ನಡಿಹಾವು ದೊಣ್ಣೆಗೆ ಸಿಗುತ್ತವೆ ಎಂಬುದು ನನಗೆ ನೋವಿನ ವಿಷಯ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಇವನ್ನು ಕೊಲ್ಲುವುದೂ ಅಪರಾಧ. ಗಾಡಿಯಲ್ಲಿ ನಾಗರ ಕಂಡಿತೆಂದು ಜೋಯಿಸರಲ್ಲಿ ಪ್ರಶ್ನೆ ಕೇಳುವವರು ಕೇಳಲಿ, ಅದಕ್ಕೆ ಮೊದಲು ಗಾಡಿಯ ಸುತ್ತ ಮಕ್ಕಳು ಸುಳಿಯದಂತೆ ನೋಡಿಕೊಳ್ಳಲಿ.

ಕಚ್ಚಿದರೆ

ಹಾವನ್ನು ಗುರುತಿಸಲು ಒಂದು ನಿಮಿಷವೂ ಕಳೆಯಬೇಡಿ. ನಾಗರ, ಕಡಂಬಳ, ಕೊಳಕುಮಂಡಲ, ಗರಗಸ ಮಂಡಲ ನಾಲ್ಕಕ್ಕೂ ಒಂದೇ ಪ್ರತಿವಿಷ. ವೈದ್ಯರು ಲಕ್ಷಣ ನೋಡಿ, ರಕ್ತ ಹೆಪ್ಪುಗಟ್ಟುತ್ತದೆಯೇ ಎಂದು 20 ನಿಮಿಷದ ಪರೀಕ್ಷೆ ಮಾಡಿ ಚಿಕಿತ್ಸೆ ಶುರುಮಾಡುತ್ತಾರೆ. ಫೋಟೋ ಇದ್ದರೆ ತೋರಿಸಿ, ಹಾವನ್ನು ಹಿಡಿದು ಒಯ್ಯಬೇಡಿ. ಬಿಗಿಯಾಗಿ ಕಟ್ಟುವುದು, ಕೊಯ್ಯುವುದು, ಹೀರುವುದು ಬೇಡ. ಉಂಗುರ, ಬಳೆ, ವಾಚು ತೆಗೆದು, ಕಚ್ಚಿದ ಅಂಗ ಅಲುಗದಂತೆ ಇಟ್ಟು 108ಕ್ಕೆ ಕರೆ ಮಾಡಿ, ಪ್ರತಿವಿಷ ಮತ್ತು ವೆಂಟಿಲೇಟರ್ ಎರಡೂ ಇರುವ ಆಸ್ಪತ್ರೆಗೇ ಹೋಗಿ. ಕಡಂಬಳದ ಕಡಿತ ಹೆಚ್ಚಾಗಿ ನೋಯುವುದಿಲ್ಲ, ಗುರುತೂ ಕಾಣದಿರಬಹುದು. ಗಂಟೆಗಳ ಬಳಿಕ ಹೊಟ್ಟೆನೋವು, ರೆಪ್ಪೆ ಜೋತು ಬೀಳುವುದು, ಮಾತು ತೊದಲುವುದು ಶುರುವಾಗುತ್ತದೆ. ಕತ್ತಲಲ್ಲಿ ಸೀಟಿನಡಿ ಕೈ ಹಾಕಿದಾಗ ಏನೋ ಚುಚ್ಚಿದಂತಾದರೆ ಅದನ್ನು ವೈರಿನ ತುದಿ ಎಂದುಕೊಂಡು ಮಲಗಬೇಡಿ.

ಹಾವು ಹೋದ ಮೇಲೆ

ಕೆಲಸ ಅಲ್ಲಿಗೆ ಮುಗಿಯುವುದಿಲ್ಲ, ಬಂದ ಕಾರಣ ಗಾಡಿಯಲ್ಲೇ ಉಳಿದಿರುತ್ತದೆ. ಬಾನೆಟ್ಟು ತೆರೆದು ಇಲಿಯ ಗೂಡು ಹುಡುಕಿ: ಏರ್ ಫಿಲ್ಟರ್ ಡಬ್ಬಿಯೊಳಗೆ ಬಟ್ಟೆ ಚೂರು, ತೆಂಗಿನ ನಾರು, ಅಡಕೆ ಸಿಪ್ಪೆ, ಇನ್ಸುಲೇಷನ್ನಿನ ಹತ್ತಿ ಸೇರಿಸಿಟ್ಟಿರುತ್ತದೆ. ಅದನ್ನು ತೆಗೆಸಿ. ಇಲಿ ಇದ್ದ ಗಾಡಿಯಲ್ಲಿ ವೈರು ಕಡಿದಿರುವುದು ಸಾಮಾನ್ಯ. ಬ್ರೇಕ್, ಫ್ಯೂಯೆಲ್ ಪೈಪು, ಸೆನ್ಸರಿನ ವೈರು ಪರೀಕ್ಷಿಸದೆ ಘಟ್ಟ ಹತ್ತಬೇಡಿ. ಸೀಟಿನ ಕೆಳಗೆ ಬಿದ್ದ ಬಿಸ್ಕತ್ತು ಚೂರು, ಹಿಂಡಿ ಗೋಣಿಯಿಂದ ಉದುರಿದ ಹುಡಿ ಗುಡಿಸಿ. ಅಂಗಳದ ಕಟ್ಟಿಗೆ, ಮುರಕಲ್ಲು, ಹೆಂಚಿನ ರಾಶಿಯಿಂದ ಗಾಡಿಯನ್ನು ನಾಲ್ಕೈದು ಮಾರು ಈಚೆ ನಿಲ್ಲಿಸಿ, ಟಯರಿಗೆ ತಾಗುವ ಹುಲ್ಲು ಕತ್ತರಿಸಿ. ಬಿಲಗಳಿಗೆ ನೀರು ನುಗ್ಗುವ ಆಟಿ ತಿಂಗಳ (ಜುಲೈ–ಆಗಸ್ಟ್) ಮಳೆಯಲ್ಲಿ, ಮೊಟ್ಟೆಯೊಡೆದು ನಾಗರ ಮರಿಗಳು ಹೊರಬರುವ ದಿನಗಳಲ್ಲಿ, ಬೆಳಗ್ಗೆ ಹೊರಡುವ ಮುಂಚೆ ಬಾನೆಟ್ಟಿಗೆ ಎರಡು ಸಲ ಬಡಿದು, ಟಾರ್ಚು ಹಾಕಿ ಚಕ್ರದ ಗೂಡು ನೋಡಿ, ಆಮೇಲೆ ಕೀ ತಿರುಗಿಸಿ.